ಚರ್ಮಕ್ಕೆ ಅಯೋಡಿನ್ ಹಚ್ಚಿ ನೋಡಿದರೆ ದೇಹದಲ್ಲಿ ಅದರ ಕೊರತೆ ಇದೆಯೋ ಇಲ್ಲವೋ ಗೊತ್ತಾಗುತ್ತದಾ?

ಗೊತ್ತಾಗಲ್ಲ. ಮುಂಗೈಗೆ ಟಿಂಚರ್ ಹಚ್ಚಬೇಕು, ಕಂದು ಕಲೆ 24 ಗಂಟೆಯೊಳಗೆ ಮಾಸಿದರೆ ಕೊರತೆ ಇದೆ ಅಂತ ಹೇಳುವವರಿದ್ದಾರೆ. ಆದರೆ ಹಚ್ಚಿದ ಅಯೋಡಿನ್‌ನಲ್ಲಿ ಬಹುಪಾಲು ಗಾಳಿಗೆ ಆವಿಯಾಗಿ ಹೋಗುತ್ತದೆ. ಸೆಕೆ ಜಾಸ್ತಿ ಇದ್ದರೆ ಇನ್ನೂ ಬೇಗ. ಸುಮ್ನೆ ಚರ್ಮಕ್ಕೆ ಉರಿ ಅಷ್ಟೇ.

ನಂಬಬಹುದಾದದ್ದು ಮೂತ್ರ ಪರೀಕ್ಷೆ. ನಾವು ತಿಂದ ಅಯೋಡಿನ್‌ನಲ್ಲಿ ಸುಮಾರು 90% ಮೂತ್ರದಲ್ಲೇ ಹೊರಗೆ ಹೋಗುತ್ತದೆ, ಹಾಗಾಗಿ ಒಳಗೆ ಎಷ್ಟು ಹೋಗಿತ್ತು ಅಂತ ಅಂದಾಜಾಗುತ್ತದೆ. ಇದರಲ್ಲೂ ಒಂದು ತೊಡಕಿದೆ: ನಿನ್ನೆ ಸಮುದ್ರದ ಮೀನು ತಿಂದಿದ್ದರೆ ಇವತ್ತಿನ ಅಂಕಿ ಏರುತ್ತದೆ, ನಾಳೆ ಇಳಿಯುತ್ತದೆ. ಲೀಟರಿಗೆ 100 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಅನ್ನುವ ಲೆಕ್ಕ ಇಡೀ ಸಮುದಾಯದ ಮಧ್ಯಾಂಕಕ್ಕೆ (ಎಲ್ಲರ ಅಂಕಿಗಳನ್ನು ಸಾಲಾಗಿಟ್ಟರೆ ನಡುವೆ ಬರುವುದು), ಒಬ್ಬರ ಒಂದು ಸ್ಯಾಂಪಲ್ಲಿಗೆ ಅಲ್ಲ. ಒಬ್ಬರದೇ ತಿಳಿಯಬೇಕೆಂದರೆ ಬೇರೆ ಬೇರೆ ದಿನದ ಹತ್ತಾರು ಸ್ಯಾಂಪಲ್ ಬೇಕು. ಯಾರು ಕೊಡ್ತಾರೆ, ಅಲ್ವಾ?

ಅದಕ್ಕೇ ಡಾಕ್ಟರು ಸಾಮಾನ್ಯವಾಗಿ ಕುತ್ತಿಗೆ ಮುಟ್ಟಿ, ಅಯೋಡಿನ್ ಕಡಿಮೆಯಾದರೆ ಊದುವ ಥೈರಾಯ್ಡ್ ಗ್ರಂಥಿ ಊದಿದೆಯಾ ನೋಡುತ್ತಾರೆ, ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು) ಎಷ್ಟಿದೆ ಅಂತ ಪರೀಕ್ಷೆ ಮಾಡಿಸುತ್ತಾರೆ, ಊಟದ ಬಗ್ಗೆ, ಯಾವ ಉಪ್ಪು ಬಳಸುತ್ತೀರಿ ಅಂತ ಕೇಳುತ್ತಾರೆ. ಟಿಎಸ್‌ಎಚ್ ಸರಿ ಇದ್ದರೂ ಸಣ್ಣ ಕೊರತೆ ಇರಬಹುದು. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ದಿನಕ್ಕೆ ಸುಮಾರು 250 ಮೈಕ್ರೋಗ್ರಾಂ ಅಯೋಡಿನ್ ಬೇಕು, ಉಳಿದ ದೊಡ್ಡವರಿಗೆ 150 ಸಾಕು.