ಬೆಳಗಿನ ಪಾಳಿಗೆ ಒಪ್ಪಿಸಲಾಗದ ರೋಗಿ

ವಿಮಲಾ ಎಂಬುದು ಅವರ ನಿಜ ಹೆಸರಲ್ಲ. ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿಸಿ ಒಪ್ಪಿಗೆ ಪಡೆದಿದ್ದೇನೆ. ಶುಶ್ರೂಷಕಿಯರು ತಮಗಾಗಿ ಆಪ್ತಸಲಹೆ ಕೇಳಿಕೊಂಡು ಬರುವುದು ಕಡಿಮೆ. ಬಂದರೂ ತೀರಾ ದಣಿದ ಮೇಲೆ ಬರುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಇದು ಬೇಗ ತಲುಪಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಭೇಟಿಯ ಸಂಜೆ ನನ್ನ ಕಣ್ಣಿಗೆ ಬಿದ್ದದ್ದು ಅವರ ಎಡ ಅಂಗೈ. ನೀಲಿ ಬಾಲ್‌ಪೆನ್ನಿನಲ್ಲಿ ಬರೆದ ಐದು ಸಾಲು, ಸಾಲಿಗೆ ನಾಲ್ಕು ಅಂಕಿ. ಎರಡು ಸಾಲುಗಳನ್ನು ಆಗಲೇ ಹೊಡೆದು ಹಾಕಿದ್ದರು. ಅಂದು ಮನೆಗೆ ಕಳಿಸಿದ ರೋಗಿಗಳ ಮೊಬೈಲ್ ಸಂಖ್ಯೆಯ ಕೊನೆಯ ಅಂಕಿಗಳವು. ಒಬ್ಬೊಬ್ಬರಿಗೂ ಕರೆ ಮಾಡಿ ನೋವಿದೆಯೇ, ವಾಂತಿಯಾಯಿತೇ, ಮೂತ್ರ ಹೋಯಿತೇ ಎಂದು ಕೇಳಿ, ಆಮೇಲೆ ಆ ಸಾಲಿಗೆ ಗೆರೆ. ಐದೂ ಮುಗಿಯುವವರೆಗೆ ಆ ಕೈಗೆ ನೀರು ಸೋಕಿಸುತ್ತಿರಲಿಲ್ಲ. ಮನೆಯಲ್ಲಿ ಮೂರು ತಿಂಗಳಿನಿಂದ ಮುದ್ದೆ ಕಟ್ಟುತ್ತಿದ್ದದ್ದು ಅವರ ಗಂಡ.

ಹಾಸನ ಜಿಲ್ಲೆಯ ಹಳ್ಳಿಯ ಹೆಣ್ಣುಮಗಳು. ಜಿಎನ್‌ಎಂ ಎಂಬ ಶುಶ್ರೂಷಾ ಡಿಪ್ಲೊಮಾ ಓದಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಒಂಬತ್ತು ವರ್ಷ ದುಡಿದವರು. ಮಗಳು ಶಾಲೆಗೆ ಸೇರಿದ ಮೇಲೆ ರಾತ್ರಿ ಪಾಳಿ ಕಷ್ಟವಾಗಿ, ವಿಜಯನಗರದ ಕಡೆಯ ಒಂದು ಡೇ ಕೇರ್ ಶಸ್ತ್ರಚಿಕಿತ್ಸಾ ಕೇಂದ್ರಕ್ಕೆ ಬಂದರು. ಎರಡು ಶಸ್ತ್ರಕೊಠಡಿ, ಐದು ಹಾಸಿಗೆಯ ಚೇತರಿಕೆ ಕೊಠಡಿ. ಹರ್ನಿಯಾ, ಮೂಲವ್ಯಾಧಿ, ಕಾಲಿನ ಉಬ್ಬಿದ ರಕ್ತನಾಳ, ಸಣ್ಣಪುಟ್ಟ ಗಡ್ಡೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರು ಸಂಜೆ ಮನೆಗೆ. ರಾತ್ರಿ ಕೆಲಸವಿಲ್ಲ, ಭಾನುವಾರ ರಜೆ. ಜೊತೆಯವರೆಲ್ಲ "ಪುಣ್ಯವಂತೆ ನೀನು" ಎಂದರಂತೆ.

ಅವರು ನಿದ್ದೆ ಕಳೆದುಕೊಂಡದ್ದು ಒಬ್ಬ ಹಿರಿಯರ ವಿಷಯದಲ್ಲಿ. ಅರವತ್ತು ದಾಟಿದ ಗಂಡಸು, ತೊಡೆಸಂದಿಯ ಹರ್ನಿಯಾ, ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆ. ಬೆಳಗ್ಗೆಯೇ ಆಗಬೇಕಿದ್ದದ್ದು ಮಧ್ಯಾಹ್ನ ಒಂದೂವರೆಗೆ ಶುರುವಾಯಿತು. ಸಂಜೆ ಆರೂವರೆಗೆ ಅವರು ಎದ್ದು ನಾಲ್ಕು ಹೆಜ್ಜೆ ನಡೆದರು, ಎಳನೀರು ಕುಡಿದರು, ನೋವಿಲ್ಲ ಎಂದರು. ಆದರೆ ಮೂತ್ರ ಆಗಿರಲಿಲ್ಲ. ವಿಮಲಾ ಅದನ್ನು ಶಸ್ತ್ರವೈದ್ಯರಿಗೆ ಹೇಳಿದರು. ಕಾರಿನ ಕೀಲಿ ಕೈಯಲ್ಲಿ ಹಿಡಿದಿದ್ದ ವೈದ್ಯರು, "ಮನೆಗೆ ಹೋದ ಮೇಲೆ ಆಗುತ್ತದೆ, ಕಳಿಸಿ" ಎಂದರು. ಕಳಿಸಿದರು.

ರಾತ್ರಿ ಎರಡು ಗಂಟೆಗೆ ಆ ಹಿರಿಯರ ಕಿಬ್ಬೊಟ್ಟೆ ಕಲ್ಲಿನಂತಾಗಿತ್ತು. ಮಗ ಕೇಂದ್ರಕ್ಕೆ ಕರೆ ಮಾಡಿದರೆ ಎತ್ತುವವರಿಲ್ಲ. ಹತ್ತಿರದ ಇನ್ನೊಂದು ಆಸ್ಪತ್ರೆಯಲ್ಲಿ ಕೊಳವೆ ಹಾಕಿದಾಗ ಸುಮಾರು 900 ಮಿಲಿಲೀಟರ್ ಮೂತ್ರ ಬಂತು. ಕೆಲವು ದಿನಗಳಲ್ಲಿ ಪೂರ್ತಿ ಗುಣವಾದರು. ಆದರೆ ಮರುದಿನ ಬೆಳಗ್ಗೆ ಮಗ ಕೇಂದ್ರಕ್ಕೆ ಬಂದು, ಎಲ್ಲರೆದುರು ವಿಮಲಾ ಕಡೆಗೆ ಬೆರಳು ಮಾಡಿ, "ಕಳಿಸಿದ್ದು ಇವರೇ" ಎಂದರು. ಆಡಳಿತದವರು ಲಿಖಿತ ವಿವರಣೆ ಕೇಳಿದ್ದು ವಿಮಲಾ ಒಬ್ಬರನ್ನೇ. ಕರೆಗಳು ಶುರುವಾದದ್ದು ಆ ರಾತ್ರಿಯಿಂದ. ಹನ್ನೊಂದು ಗಂಟೆಗೆ ಎಬ್ಬಿಸಿದರೆಂದು ಒಂದೆರಡು ಕುಟುಂಬಗಳು ದೂರಿಯೂ ಆಗಿತ್ತು.

ಇಂಥವರು ಬಂದಾಗ ನಾನು ಮೊದಲು ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ. ಬದುಕು ಸಾಕು ಅನ್ನಿಸಿದೆಯೇ ಎಂಬುದು ಒಂದು. ನಿದ್ದೆಗೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂಬುದು ಇನ್ನೊಂದು. ಔಷಧದ ಕಪಾಟಿನ ಕೀಲಿ ಕೈಯಲ್ಲೇ ಇರುವವರಿಗೆ ಎರಡನೆಯದನ್ನು ಸುತ್ತಿಬಳಸದೆ ಕೇಳಬೇಕು. ಸಾಯುವ ಯೋಚನೆ ಬಂದಿರಲಿಲ್ಲ. ಮೂರು ರಾತ್ರಿ ಅಲರ್ಜಿ ಮಾತ್ರೆ ನುಂಗಿ ಮಲಗಿದ್ದರು, ಅಷ್ಟೇ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಅಂದೇ ಮಾತಾಯಿತು. ನಡುರಾತ್ರಿ ತಡೆಯಲಾರದಂತಾದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸರ್ಕಾರಿ ಸಹಾಯವಾಣಿಯಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು.

ಎರಡನೆಯ ಭೇಟಿಯಲ್ಲಿ ನಾನು ತಪ್ಪಿದೆ. ಮತ್ತೆ ಮತ್ತೆ ಪರೀಕ್ಷಿಸುವ ಆ ಒತ್ತಡವನ್ನು ಕಾಯಿಲೆಯೆಂದೇ ಎಣಿಸಿ, "ಒಂದು ವಾರ ಯಾರಿಗೂ ಕರೆ ಮಾಡಬೇಡಿ, ಆತಂಕ ಏರಲಿ, ತಾನಾಗಿ ಇಳಿಯುತ್ತದೆ" ಎಂದು ಸಲಹೆ ಕೊಟ್ಟೆ. ಗೀಳಿನ ಕಾಯಿಲೆಗೆ ಅದು ಒಪ್ಪುವ ದಾರಿ. ಮೂರು ರಾತ್ರಿ ಅವರು ಹಾಗೆಯೇ ಮಾಡಿದರು, ಮೂರೂ ರಾತ್ರಿ ಹಾಲ್‌ನಲ್ಲಿ ಕುರ್ಚಿಯ ಮೇಲೆ ಕುಳಿತು ಬೆಳಗು ಮಾಡಿದರು. ಮುಂದಿನ ಸಲ ಬಂದು ಮೆಲ್ಲಗೆ ಕೇಳಿದರು: "ಮೇಡಂ, ವಾರ್ಡಿನಲ್ಲಿದ್ದಾಗ ನಾನು ಎಂದೂ ಹೀಗಿರಲಿಲ್ಲ. ಬೆಳಗ್ಗೆ ಇನ್ನೊಬ್ಬ ಸಿಸ್ಟರ್ ಬಂದ ಮೇಲೆ ಹಾಸಿಗೆಯ ಪಕ್ಕದಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿ ಮನೆಗೆ ಹೋಗುತ್ತಿದ್ದೆ. ಇಲ್ಲಿ ಯಾರಿಗೆ ಒಪ್ಪಿಸಲಿ?"

ಆ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ. ಡೇ ಕೇರ್ ಕೇಂದ್ರದಲ್ಲಿ ರಾತ್ರಿ ಪಾಳಿ ಇಲ್ಲವೆನ್ನುತ್ತೇವೆ. ಇದೆ, ಅದನ್ನು ರೋಗಿಯ ಸೊಸೆಯೋ ಮಗನೋ ಮಾಡುತ್ತಾರೆ, ಯಾವ ತರಬೇತಿಯೂ ಇಲ್ಲದೆ. ವಿಮಲಾ ಮಾಡುತ್ತಿದ್ದ ಕರೆಗಳಲ್ಲಿ ಅರ್ಧ ಭಯವಿತ್ತು, ಇನ್ನರ್ಧ ಕೇಂದ್ರವೇ ಮಾಡಬೇಕಾಗಿದ್ದ ಕೆಲಸ. ರೋಗಿಯನ್ನು ಮನೆಗೆ ಕಳಿಸಿದ ಮೇಲೆ ಫೋನಿನಲ್ಲಿ ವಿಚಾರಿಸುವುದು ಇಂಥ ಶಸ್ತ್ರಚಿಕಿತ್ಸೆಯ ಆರೈಕೆಯ ಭಾಗವೇ. ನಾನು ಆ ಎರಡನ್ನೂ ಒಟ್ಟಿಗೆ ಕಿತ್ತುಹಾಕಲು ಹೊರಟಿದ್ದೆ. ತಪ್ಪಾಯಿತೆಂದು ಅವರಿಗೆ ಹೇಳಿದೆ. ಅಂದಿನಿಂದ ನಮ್ಮ ಕೆಲಸದ ದಿಕ್ಕು ಬದಲಾಯಿತು.

ಮೊದಲು ತಪ್ಪಿನ ಲೆಕ್ಕ. "ನಿಮ್ಮದೇನೂ ತಪ್ಪಿಲ್ಲ" ಎಂದು ಮನೆಯವರೆಲ್ಲ ಹೇಳಿದ್ದರು, ಅವರಿಗೆ ಅದು ಹಿಡಿಸಿರಲಿಲ್ಲ. ನಾನೂ ಹಾಗೆ ಹೇಳಲಿಲ್ಲ. ಆ ದಿನದ ಕಡತದಲ್ಲಿ ಮೂತ್ರ ಆಗಿಲ್ಲವೆಂದು ಬರೆದಿದ್ದಿರಾ ಎಂದು ಕೇಳಿದೆ. ಇಲ್ಲ. ವೈದ್ಯರಿಗೆ ಬಾಯಲ್ಲಿ ಹೇಳಿದ್ದು ಮಾತ್ರ. ಚೇತರಿಕೆಯನ್ನು ಅಳೆಯಲು ಅವರು ತುಂಬುತ್ತಿದ್ದದ್ದು ಆಲ್ಡ್ರೆಟ್ ಅಂಕಪಟ್ಟಿ. 1970ರಲ್ಲಿ ಬಂದು 1995ರಲ್ಲಿ ಪರಿಷ್ಕಾರಗೊಂಡದ್ದು, ಕೈಕಾಲಿನ ಚಲನೆ, ಉಸಿರಾಟ, ರಕ್ತದೊತ್ತಡ, ಎಚ್ಚರ, ಆಮ್ಲಜನಕ, ಒಟ್ಟು ಹತ್ತು ಅಂಕ, ಒಂಬತ್ತು ಬಂದರೆ ಸಾಕು. ಆ ಹಿರಿಯರಿಗೆ ಹತ್ತಕ್ಕೆ ಹತ್ತು ಬಂದಿತ್ತು. ಆ ಪಟ್ಟಿ ಇರುವುದು ಅರಿವಳಿಕೆಯಿಂದ ಹೊರಬಂದಿದ್ದಾರೆಯೇ ಎಂದು ತಿಳಿಯಲು. ಅದರಲ್ಲಿ ಮೂತ್ರಕ್ಕೆ ಅಂಕವಿಲ್ಲ. ವಯಸ್ಸಾದ ಗಂಡಸು, ಹರ್ನಿಯಾ, ಸ್ಪೈನಲ್ ಮೂರೂ ಸೇರಿದರೆ ಮೂತ್ರಕಟ್ಟುವ ಅಪಾಯ ಹೆಚ್ಚೆಂದು ಒಂಬತ್ತು ವರ್ಷದ ಅನುಭವ ಅವರಿಗೆ ಹೇಳಿತ್ತು. ಗೊತ್ತಿದ್ದದ್ದನ್ನು ಬರೆಯದೆ ಬಿಟ್ಟದ್ದು ಅವರ ಪಾಲು. ಆ ದಿನದ ಶಸ್ತ್ರಚಿಕಿತ್ಸೆಗಳ ಪಟ್ಟಿಯಲ್ಲಿ ಆ ಹಿರಿಯರನ್ನು ಕೊನೆಗೆ ತಳ್ಳಿದ್ದು, ಕತ್ತಲಾದ ಮೇಲೆ ಎತ್ತುವವರಿಲ್ಲದ ಫೋನು, "ಕಳಿಸಿ" ಎಂಬ ಮಾತು, ಇವು ಅವರ ಪಾಲಲ್ಲ. ಇದನ್ನು ಒಂದು ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿದೆ. ಅಂದು ಮೊದಲ ಸಲ ಅತ್ತರು.

ಇಂಥ ಘಟನೆಗಳಲ್ಲಿ ನಲುಗುವ ಆರೋಗ್ಯ ಸಿಬ್ಬಂದಿಯನ್ನು ಅಮೆರಿಕದ ವೈದ್ಯ ಆಲ್ಬರ್ಟ್ ವು 2000ದಲ್ಲಿ 'ಎರಡನೆಯ ಬಲಿಪಶು' ಎಂದು ಕರೆದರು. ನೋವಿಗೊಂದು ಹೆಸರು ಸಿಕ್ಕಿತು, ಒಳ್ಳೆಯದೇ. ಆದರೆ ಆ ಪದವನ್ನು ನಾನು ವಿಮಲಾ ಅವರಿಗೆ ಕೊಡಲಿಲ್ಲ. ಬಲಿಪಶುವಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಇವರಿಗೆ ಮಾಡುವುದು ಬಹಳವಿತ್ತು.

ಮುಂದಿನದು ವೈದ್ಯರೆದುರು ಬಾಯಿಬಿಟ್ಟು ಹೇಳುವುದಕ್ಕೆ ಸಂಬಂಧಿಸಿದ್ದು. ಬೆಳಗ್ಗೆ ಶಸ್ತ್ರಕೊಠಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಪಟ್ಟಿಯನ್ನು ಗಟ್ಟಿಯಾಗಿ ಓದುವವರು ಇದೇ ವಿಮಲಾ: ಹೆಸರು, ಯಾವ ಬದಿ, ಅಲರ್ಜಿ, ಕೊನೆಗೆ ರಕ್ತ ಒರೆಸುವ ಬಟ್ಟೆ, ಸೂಜಿಗಳ ಎಣಿಕೆ. ಲೆಕ್ಕ ಸರಿಹೋಗುವವರೆಗೆ ಹೊಲಿಗೆ ಮುಗಿಸಲು ಬಿಡುವುದಿಲ್ಲ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಆ ಪಟ್ಟಿಯನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಅಲ್ಲಿ ವೈದ್ಯರನ್ನು ನಿಲ್ಲಿಸುವ ದನಿ, ಚೇತರಿಕೆ ಕೊಠಡಿಗೆ ಬರುವಷ್ಟರಲ್ಲಿ ಎಲ್ಲಿ ಹೋಗುತ್ತದೆ? ಅದನ್ನೇ ಕೇಳಿದೆ. "ಅಲ್ಲಿ ಕಾಗದ ಕೈಯಲ್ಲಿರುತ್ತದೆ ಮೇಡಂ" ಎಂದರು.

ಹಾಗಾದರೆ ಇಲ್ಲಿಯೂ ಕಾಗದ ಇರಲಿ ಎಂದೆ. ಎದ್ದು ನಿಂತು ಹೇಳಿ ಅಭ್ಯಾಸ ಮಾಡಿದರು: "ಡಾಕ್ಟರ್, ಇವರಿಗೆ ಸ್ಪೈನಲ್ ಕೊಟ್ಟು ಐದು ಗಂಟೆಯಾಯಿತು. ಮೂತ್ರ ಆಗಿಲ್ಲ. ಕಿಬ್ಬೊಟ್ಟೆ ತುಂಬಿದಂತಿದೆ. ನೀವು ನೋಡಿ ಕಡತದಲ್ಲಿ ಬರೆಯುವವರೆಗೆ ನಾನು ಕಳಿಸುವುದಿಲ್ಲ." ಮೊದಲ ಸಲ ಕೊನೆಯ ವಾಕ್ಯ ಬರಲೇ ಇಲ್ಲ. ಎರಡನೆಯ ಸಲ ಅದರ ಬಾಲಕ್ಕೆ "ಸರ್, ತಪ್ಪು ತಿಳಿಯಬೇಡಿ" ಸೇರಿಕೊಂಡಿತು. ಏಳನೆಯ ಸಲಕ್ಕೆ ಬಾಲ ಉದುರಿತು.

ರೋಗಿಯನ್ನು ಒಪ್ಪಿಸುವುದಕ್ಕೂ ಒಂದು ಕ್ರಮ ಬೇಕಿತ್ತು. ಮನೆಯವರಿಗೆ ಸೂಚನೆಗಳನ್ನು ಓದಿ ಹೇಳಿ "ಗೊತ್ತಾಯಿತಲ್ಲ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಬದಲಿಗೆ, "ಇವತ್ತು ರಾತ್ರಿ ಏನಾದರೆ ನೀವು ತಕ್ಷಣ ಹೊರಡುತ್ತೀರಿ, ನನಗೊಮ್ಮೆ ಹೇಳಿ" ಎಂದು ಅವರ ಬಾಯಿಂದಲೇ ಹೇಳಿಸಿ. ನಮ್ಮ ಊರಿನಲ್ಲಿ ಮನೆಯವರ ಮಾತು ಕನ್ನಡವೋ ತಮಿಳೋ ತೆಲುಗೋ ಹಿಂದಿಯೋ, ಆ ಭಾಷೆಯಲ್ಲೇ ಹೇಳಲಿ. ಅರ್ಥವಾಗದಿದ್ದರೆ ಗೊತ್ತಿರುವ ಸಹೋದ್ಯೋಗಿಯನ್ನು ಕರೆಯಿರಿ ಎಂದೆ. ಕರೆಗಳಿಗೂ ಹೊತ್ತು ಗೊತ್ತು ಮಾಡಿದೆವು. ವಿಮಲಾ ಕೆಲಸ ಮುಗಿಸಿ ಹೊರಡುವ ಮುನ್ನ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ, ಕೇಂದ್ರದ ಫೋನಿನಿಂದ, ಸಹಿಯೊಡನೆ ಪುಸ್ತಕದಲ್ಲಿ. ಸ್ವಂತ ಮೊಬೈಲಿನಿಂದ ಒಂದೂ ಇಲ್ಲ. ಅಂಗೈಯ ಅಂಕಿಗಳೆಲ್ಲ ಆ ಪುಸ್ತಕಕ್ಕೆ ಹೋಗಬೇಕು, ಕೈ ತೊಳೆದೇ ಬಸ್ ಹತ್ತಬೇಕು.

ಹೆಡ್ ನರ್ಸ್ ಇದಕ್ಕೆ ಒಪ್ಪಿದರು. ರಾತ್ರಿಗೆ ಒಂದು ಸಂಖ್ಯೆ ಕೊಡಲು ಆಡಳಿತ ಒಂದೂವರೆ ತಿಂಗಳು ಎಳೆದಾಡಿತು, ಕೊನೆಗೆ ಕೊಟ್ಟಿತು. ನಿದ್ದೆ ಮೂರನೆಯ ವಾರದಿಂದ ಮರಳಿತು, ಐದು ಗಂಟೆಯಷ್ಟು. ಮನೋವೈದ್ಯರೂ ಒಮ್ಮೆ ನೋಡಿದರು, ಮಾತ್ರೆ ಬೇಕಾಗಲಿಲ್ಲ.

ಆರನೆಯ ಭೇಟಿಗೆ ಬಂದಾಗ ಅವರ ಮುಖ ಬಾಡಿತ್ತು. ಹಿಂದಿನ ದಿನ ಮೂಲವ್ಯಾಧಿಯ ಒಬ್ಬ ರೋಗಿಯನ್ನು ಮೂತ್ರ ಆಗುವವರೆಗೆ ಕಳಿಸಲಿಲ್ಲವಂತೆ. ವೈದ್ಯರು ಸಿಡುಕಿದರು, ಆದರೂ ಹಿಂದಕ್ಕೆ ಬಂದು ನೋಡಿ ಬರೆದರು. ಏಳು ಇಪ್ಪತ್ತಕ್ಕೆ ರೋಗಿ ಶೌಚಾಲಯದಿಂದ ನಗುತ್ತ ಹೊರಬಂದರು. ವಿಮಲಾ ಮನೆ ಮುಟ್ಟಿದಾಗ ಮಗಳು ಮಲಗಿಬಿಟ್ಟಿದ್ದಳು. "ಇದಕ್ಕಾಗಿಯೇ ಅಲ್ಲವೇ ನಾನು ವಾರ್ಡ್ ಬಿಟ್ಟದ್ದು" ಎಂದರು. ನನ್ನಲ್ಲಿ ಅದಕ್ಕೆ ಸಮಾಧಾನದ ಮಾತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚೀಲದಿಂದ ಒಂದು ಪತ್ರ ತೆಗೆದು ಕೊಟ್ಟರು. ಸ್ಪೈನಲ್ ಕೊಡುವ ಹಿರಿಯ ರೋಗಿಗಳನ್ನು ದಿನದ ಪಟ್ಟಿಯಲ್ಲಿ ಮೊದಲಿಗೇ ಹಾಕಬೇಕೆಂದು ಆಡಳಿತಕ್ಕೆ ಬರೆದದ್ದು, ನಾಲ್ಕೇ ಸಾಲು. ಉತ್ತರ ಇನ್ನೂ ಬಂದಿರಲಿಲ್ಲ. ಕೆಳಗೆ ಅವರ ಸಹಿ. ಸಹಿಯ ಕೆಳಗೆ, ಹಿಂದೆ ಯಾವ ಪತ್ರದಲ್ಲೂ ಅವರು ಬರೆದಿರದಿದ್ದ ತಮ್ಮ ಶುಶ್ರೂಷಾ ನೋಂದಣಿ ಸಂಖ್ಯೆ.