ಮಾರ್ಫಿನ್ ಬೇಡವೆಂದು ಬರೆದುಕೊಡಲೇ?

ಪ್ರಶ್ನೆ: ಅತ್ತಿಗೆಗೆ ಮುಂದಿನ ವಾರ ಮಂಗಳೂರಿನಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ. ಆಪರೇಷನ್ ಹೊತ್ತಿಗೆ ಮಾರ್ಫಿನ್ ಜಾತಿಯ ಮದ್ದು ಕೊಟ್ಟರೆ ರೋಗ ಮರುಕಳಿಸುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಬೇಡವೆಂದು ಬರೆದುಕೊಡಬಹುದೇ?
– ಓದುಗರೊಬ್ಬರು, ಪೆರ್ಲ

ಉತ್ತರ: ದಯವಿಟ್ಟು ಬರೆದುಕೊಡಬೇಡಿ.

ಸುದ್ದಿ ಪೂರ್ತಿ ಕಟ್ಟುಕಥೆಯಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರಕ್ಷಕ ಕೋಶಗಳನ್ನು ಮಾರ್ಫಿನ್ ಮಂಕಾಗಿಸುತ್ತದೆ ಎಂಬುದು ಪ್ರಯೋಗಾಲಯದ ಇಲಿಗಳಲ್ಲಿ ಕಂಡದ್ದೇ. ಆದರೆ ಶಸ್ತ್ರಚಿಕಿತ್ಸೆಯ ಆಘಾತವೂ ತಡೆಯಲಾಗದ ನೋವೂ ಅದನ್ನೇ ಮಾಡುತ್ತವೆ. ಇಲಿಗಾದದ್ದು ಅತ್ತಿಗೆಗೂ ಆಗುತ್ತದೆಯೇ? 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನೇ ಕೇಳಿತು. ಸ್ತನ ಕ್ಯಾನ್ಸರ್‌ನ 2,100ಕ್ಕೂ ಹೆಚ್ಚು ಮಹಿಳೆಯರಲ್ಲಿ ಅರ್ಧ ಮಂದಿಗೆ ಬೆನ್ನುಮೂಳೆಯ ಪಕ್ಕದ ನರಗಳನ್ನು ಮರಗಟ್ಟಿಸಿ, ರಕ್ತನಾಳಕ್ಕೆ ಚುಚ್ಚುವ ಅರಿವಳಿಕೆ ಮದ್ದಾದ ಪ್ರೊಪೊಫಾಲ್ ಕೊಟ್ಟರು, ಉಳಿದವರಿಗೆ ಅನಿಲದ ಅರಿವಳಿಕೆ ಮತ್ತು ಮಾರ್ಫಿನ್ ಜಾತಿಯ ಮದ್ದು. ರೋಗ ಮರಳಿದ್ದು ಎರಡೂ ಕಡೆ ನೂರಕ್ಕೆ ಸುಮಾರು ಹತ್ತು ಮಂದಿಗೆ.

ನಮ್ಮೂರಿನಲ್ಲಿ ಮಾರ್ಫಿನ್ ಎಂದೊಡನೆ ಗುಣವಾಗದ ರೋಗಿಗಳ ನೋವು ತಣಿಸುವ ಪಂಚಾಯಿತಿಯ ಪಾಲಿಯೇಟಿವ್ ನರ್ಸ್ ಮನೆಗೆ ಬರುವ ಚಿತ್ರವೇ ಕಣ್ಣಿಗೆ ಬರುತ್ತದೆ. ‘ಇನ್ನು ಮುಗಿಯಿತು’ ಎಂದು ಮನೆಯವರು ಕುಸಿಯುತ್ತಾರೆ. ನಿಮ್ಮ ಪತ್ರದಲ್ಲೂ ಆ ಅಂಜಿಕೆಯ ವಾಸನೆ ಇದೆ. ಆಪರೇಷನ್ ಕೋಣೆಯಲ್ಲಿ ಬಳಸುವ, ಮಾರ್ಫಿನ್ ಜಾತಿಯದೇ ಆದ ಫೆಂಟನಿಲ್‌ಗೂ ಆ ಚಿತ್ರಕ್ಕೂ ಸಂಬಂಧವಿಲ್ಲ. ಗುಣವಾಗಿ ಮನೆಗೆ ಹೋಗುವವರಿಗೂ ಅದನ್ನು ಕೊಡುತ್ತೇವೆ.

ಕೇಳಲೇಬೇಕೆಂದಿದ್ದರೆ ಬೇರೊಂದನ್ನು ಕೇಳಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಗಡ್ಡೆ ತೆಗೆಯುವ ಮೊದಲು ಅದರ ಸುತ್ತ ಲಿಗ್ನೊಕೇನ್ ಚುಚ್ಚಿ ನೋಡಿದರು. ಹಲ್ಲು ಕೀಳುವಾಗ ಕೊಡುವ ಅಗ್ಗದ ಮದ್ದೇ ಅದು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಐದು ವರ್ಷ ರೋಗ ಮರಳದೆ ಬದುಕಿದವರು ನೂರಕ್ಕೆ 82.6ರಿಂದ 86.6ಕ್ಕೆ ಏರಿದರು. ನಿಮ್ಮ ಶಸ್ತ್ರವೈದ್ಯರು ಅದನ್ನು ಬಳಸುತ್ತಾರೋ ಇಲ್ಲವೋ, ಕೇಳುವುದರಲ್ಲಿ ತಪ್ಪಿಲ್ಲ. ಇದರಿಂದ ನೋವಿನ ಮದ್ದು ಬಿಟ್ಟುಬಿಡಬಹುದು ಎಂದು ಮಾತ್ರ ತಿಳಿಯಬೇಡಿ.

ಅರಿವಳಿಕೆ ವೈದ್ಯರಿಗೆ ಹೇಳಬೇಕಾದವು ಬೇರೆಯೇ ಇವೆ: ಅತ್ತಿಗೆ ಜೋರಾಗಿ ಗೊರಕೆ ಹೊಡೆಯುತ್ತಾರೆಯೇ, ನಿದ್ರೆ ಮಾತ್ರೆ ನುಂಗುತ್ತಾರೆಯೇ, ಹಿಂದಿನ ಆಪರೇಷನ್ ಬಳಿಕ ವಾಂತಿ ಕಾಡಿತ್ತೇ. ನರಗಳನ್ನು ಮರಗಟ್ಟಿಸುವ ಚುಚ್ಚುಮದ್ದು ಸಾಧ್ಯವೇ ಎಂದೂ ವಿಚಾರಿಸಿ. ಮಾರ್ಫಿನ್ ಕಡಿಮೆ ಸಾಕಾದರೆ ಓಕರಿಕೆಯೂ ಮಲಬದ್ಧತೆಯೂ ಕಡಿಮೆ. ಆಪರೇಷನ್ ಆದ ಮೇಲೆ ಅತ್ತಿಗೆ ಹಲ್ಲು ಕಚ್ಚಿ ಮಲಗುವುದು ಬೇಡ. ನೋವಿದ್ದರೆ ತೋಳಿನ ವ್ಯಾಯಾಮ ಮಾಡಲಾರರು, ಭುಜ ಬಿಗಿದುಕೊಳ್ಳುತ್ತದೆ.