ಫೋಟೋದಲ್ಲಿದ್ದ ಮನೆ ಬೇರೆ, ಬೀಗ ತೆಗೆದಾಗ ಸಿಕ್ಕಿದ ಮನೆ ಬೇರೆ

ಬೆಂಗಳೂರಿಗೆ ಬಂದು, ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ಅಡುಗೆಮನೆ ಸಮೇತದ ಫ್ಲ್ಯಾಟ್, ಅಂದ್ರೆ ಸರ್ವಿಸ್ ಅಪಾರ್ಟ್‌ಮೆಂಟಲ್ಲಿ ಉಳ್ಕೊಂಡು ಬೇಜಾರು ಮಾಡ್ಕೊಂಡವರ ಪತ್ರಗಳು ತುಂಬಾ ಬಂದಿವೆ, ಅದಕ್ಕೆ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಮ್ಮ ಅಪ್ಪಾರಿಗೆ ಬೈಪಾಸ್ ಆತು, ಇನ್ನ ಹತ್ತು ದಿನ ಬೆಂಗಳೂರಾಗ ಇರ್ರಿ, ಚೆಕಪ್‌ಗೆ ಬರ್ಬೇಕಾಗ್ತದ ಅಂದ್ರು ಡಾಕ್ಟರು. ಲಾಡ್ಜಿನ್ಯಾಗ ಗಂಜಿ ಕಾಸಾಕ ಆಗಂಗಿಲ್ಲ ಅಂತ ಬನ್ನೇರುಘಟ್ಟ ರೋಡ್ ಕಡೆ ಒಂದು ಸರ್ವಿಸ್ ಅಪಾರ್ಟ್‌ಮೆಂಟ್ ಆ್ಯಪಿನ್ಯಾಗ ಬುಕ್ ಮಾಡಿದ್ವಿ, ದಿನಕ್ಕ 2,600 ರೂಪಾಯಿ, ಹತ್ತೂ ದಿನದ್ದು ಮೊದ್ಲ ಕಟ್ಟಿದ್ವಿ. ಫೋಟೋದಾಗ ಲಿಫ್ಟ್ ಇತ್ತು, ಗ್ಯಾಸ್ ಒಲಿ ಇತ್ತು. ಹೋಗಿ ನೋಡಿದ್ರ ಮೂರನೇ ಮಹಡಿ, ಲಿಫ್ಟ್ ಕೆಟ್ಟು ಎಷ್ಟು ದಿನ ಆಗಿತ್ತೋ ಏನೋ, ಅಪ್ಪಾರನ್ನ ಕುರ್ಚಿಮ್ಯಾಲೆ ಕುಂದ್ರಿಸಿ ನಾನು ನಮ್ಮ ತಮ್ಮ ಹೊತ್ಕೊಂಡು ಹತ್ತಿದ್ವಿ. ಒಲಿ ಇಲ್ಲ, ಒಂದ ಇಂಡಕ್ಷನ್, ಅದನ್ನ ಹಚ್ಚಿದ್ರ ಕರೆಂಟ್ ಹೋಗ್ತಿತ್ತು. ನಳದಾಗ ನೀರು ಮುಂಜಾನೆ ಒಂಬತ್ತಕ್ಕ ಬಂದ್. ಕೇರ್‌ಟೇಕರ್ ಫೋನ್ ಎತ್ತಂಗಿಲ್ಲ. ಎರಡ ದಿನ ಇದ್ದು ಬೀಗರ ಮನಿಗೆ ಹೋದ್ವಿ. ಉಳದ ಎಂಟು ದಿನದ ರೊಕ್ಕ ಕೇಳಿದ್ರ ನಾನ್-ರಿಫಂಡಬಲ್ ಅಂತಾರ. ಆ ರೊಕ್ಕ ಹೋದಂಗನ್ರಿ?
(ಬೆಳಗಾವಿ ಜಿಲ್ಲೆಯ ಓದುಗರು)

ಉತ್ತರ: ಹೋದಂಗಲ್ಲ ಸರ್. 20,800 ರೂಪಾಯಿ ಸಣ್ಣ ದುಡ್ಡಲ್ಲ, ಬಿಡಬೇಡಿ. ನಿಮ್ಮ ಪತ್ರ ಓದ್ತಾ ನಂಗೆ ನಮ್ಮಮ್ಮನ ಮೊಣಕಾಲು ಆಪರೇಷನ್ ಟೈಮ್ ನೆನಪಾಯ್ತು. ನಾವೂ ಇದೇ ಥರ ಆಸ್ಪತ್ರೆ ಹತ್ರ ಅಂತ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ವಿ, ಫೋಟೋದಲ್ಲಿ ವೆಸ್ಟರ್ನ್ ಕಮೋಡ್ ಇತ್ತು, ನಮಗೆ ಕೊಟ್ಟ ಮನೇಲಿ ಇದ್ದಿದ್ದು ನೆಲದ ಟಾಯ್ಲೆಟ್. ಕಾಲು ಮಡಚೋ ಹಾಗೇ ಇಲ್ಲದ ಅಮ್ಮ ಆ ರಾತ್ರಿ ಬಾತ್‌ರೂಮಿಗೆ ಹೋಗ್ಬೇಕಾಗತ್ತೆ ಅಂತ ನೀರು ಕುಡಿಯೋದನ್ನೇ ಬಿಟ್ರು. ಹೋಟ್ಲಲ್ಲಿ ಟವೆಲ್ ಕೊಳಕಾಗಿದ್ರೆ ಸಹಿಸ್ಕೋಬಹುದು, ಆದ್ರೆ ಪೇಷೆಂಟ್ ಕರ್ಕೊಂಡು ಬಂದವರು ದುಡ್ಡು ಕೊಡೋದೇ ಲಿಫ್ಟಿಗೆ, ಒಲೆಗೆ, ನೀರಿಗೆ, ಬಾತ್‌ರೂಮಿಗೆ, ಅವು ಇಲ್ಲ ಅಂದ್ರೆ ಆ ಮನೆ ಕೊಟ್ಟೇ ಇಲ್ಲ ಅಂತ ಅರ್ಥ.

ಇದು ಯಾಕೆ ಹೀಗಾಗತ್ತೆ ಗೊತ್ತಾ, ಸರ್ವಿಸ್ ಅಪಾರ್ಟ್‌ಮೆಂಟ್ ಅಂದ್ರೆ ಎಷ್ಟೋ ಕಡೆ ಅದು ಹೋಟೆಲ್ ಬಿಲ್ಡಿಂಗೇ ಅಲ್ಲ. ಮಾಮೂಲಿ ಜನ ವಾಸ ಮಾಡೋ ಅಪಾರ್ಟ್‌ಮೆಂಟಲ್ಲಿ ಒಬ್ಬರು ನಾಲ್ಕು ಫ್ಲ್ಯಾಟ್ ಲೀಸಿಗೆ ತಗೊಂಡಿರ್ತಾರೆ, ಪಕ್ಕದ ರಸ್ತೇಲಿ ಇನ್ನೆರಡು, ಎಲ್ಲಕ್ಕೂ ಸೇರಿ ಒಬ್ಬನೇ ಕೇರ್‌ಟೇಕರ್, ಆ ಹುಡುಗನ ಕೈಯಲ್ಲಿ ಬೀಗದ ಕೈ ಬಿಟ್ರೆ ಬೇರೆ ಅಧಿಕಾರ ಏನೂ ಇರಲ್ಲ. ಲಿಫ್ಟು, ಸಂಪು, ಟ್ಯಾಂಕರ್ ಎಲ್ಲ ಆ ಬಿಲ್ಡಿಂಗಿನ ಮನೆ ಮಾಲೀಕರ ಅಸೋಸಿಯೇಷನ್ನಿನ ಲೆಕ್ಕ, ಹಾಗಾಗಿ ಅದು ನಮ್ಮ ಕೈಲಿಲ್ಲ ಅಂತ ಇವರು ಹೇಳ್ತಾರೆ. ಒಂದೇ ಹೆಸರಲ್ಲಿ ಹತ್ತು ಫ್ಲ್ಯಾಟ್ ಇರತ್ತೆ, ಚೆನ್ನಾಗಿರೋ ಒಂದರ ಫೋಟೋ ಹಾಕಿರ್ತಾರೆ, ನಿಮಗೆ ಸಿಗೋದು ಆ ದಿನ ಖಾಲಿ ಇರೋದು. ನಿಮ್ಮ ಇಂಡಕ್ಷನ್ ಕಥೆ ಕೂಡ ಅಷ್ಟೇ, 2,000 ವಾಟಿನ ಒಲೆ ಹತ್ತಿರ ಹತ್ತಿರ 9 ಆಂಪ್ ಎಳೆಯತ್ತೆ, ಅದಕ್ಕೆ 16 ಆಂಪಿನ ದೊಡ್ಡ ಪ್ಲಗ್ ಪಾಯಿಂಟೇ ಬೇಕು, ಜೊತೆಗೆ ಗೀಸರ್ ಬೇರೆ ಅದೇ ಲೈನಲ್ಲಿ ಇದ್ರೆ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನಾಗೇ ಆಫ್ ಆಗೋ ಸ್ವಿಚ್ಚು) ಬೀಳ್ದೆ ಇನ್ನೇನಾಗತ್ತೆ.

ಆದ್ರೆ ಅಸೋಸಿಯೇಷನ್ ಜಗಳ ಅವರದ್ದು, ನಿಮ್ಮದಲ್ಲ. ನೀವು ದುಡ್ಡು ಕೊಟ್ಟಿದ್ದು ಫೋಟೋದಲ್ಲಿ ತೋರಿಸಿದ್ದಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಇದು ಸೇವಾ ನ್ಯೂನತೆ, ಅಂದ್ರೆ ಹೇಳಿದ ಸೇವೆ ಸರಿಯಾಗಿ ಕೊಟ್ಟಿಲ್ಲ ಅಂತ ಕೇಸ್ ಹಾಕ್ಬಹುದು. ನಾನ್-ರಿಫಂಡಬಲ್ ಅನ್ನೋ ಮಾತು ನೀವು ಮನಸ್ಸು ಬದಲಾಯಿಸಿ ಕ್ಯಾನ್ಸಲ್ ಮಾಡಿದ್ರೆ ಸರಿ, ಅವರೇ ಹೇಳಿದ್ದನ್ನ ಕೊಡದೇ ಇದ್ದಾಗ ಅದರ ಹಿಂದೆ ಬಚ್ಚಿಟ್ಕೊಳ್ಳೋದು ನ್ಯಾಯ ಅಲ್ಲ, ನೀವು ವಾದ ಮಾಡ್ಬೇಕಾದ್ದೂ ಇದನ್ನೇ.

ಇವತ್ತೇ ಮಾಡ್ಬೇಕಾದ ಕೆಲಸ, ಆ ಆ್ಯಪಲ್ಲಿ ಆ ಜಾಗದ ಪೇಜ್ ಇನ್ನೂ ಇದ್ದರೆ ಎಲ್ಲ ಫೋಟೋ, ಸೌಲಭ್ಯಗಳ ಪಟ್ಟಿ ಸ್ಕ್ರೀನ್‌ಶಾಟ್ ತೆಗೆದಿಡಿ, ದೂರು ಹೋದ ಮೇಲೆ ಅದನ್ನ ತಿದ್ದಿಬಿಡೋ ಸಾಧ್ಯತೆ ಇದೆ. ಕೇರ್‌ಟೇಕರ್‌ಗೆ ಮಾಡಿದ ಕಾಲ್ ಲಿಸ್ಟ್, ವಾಟ್ಸಾಪ್ ಮೆಸೇಜು, ಆಸ್ಪತ್ರೆ ಡಿಸ್ಚಾರ್ಜ್ ಸಮರಿ ಎಲ್ಲ ಒಂದು ಕಡೆ ಇಡಿ. ಆಮೇಲೆ ಆ್ಯಪಿನ ದೂರು ನೋಡ್ಕೊಳ್ಳೋ ಅಧಿಕಾರಿ, ಅಂದ್ರೆ ಗ್ರೀವೆನ್ಸ್ ಆಫೀಸರ್‌ಗೆ ಮೇಲ್ ಮಾಡಿ, ಕಸ್ಟಮರ್ ಕೇರ್ ಚಾಟಲ್ಲಿ ದಿನ ಕಳೀಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ ಆಫೀಸರ್ ಹೆಸರು ವಿಳಾಸ ಅವರ ಸೈಟಲ್ಲಿ ಇರಲೇಬೇಕು, ದೂರು ತಲುಪಿದೆ ಅಂತ 48 ಗಂಟೆ ಒಳಗೆ ಹೇಳ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ಅದರ ಜೊತೆಗೇ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ಬಹುದು, ಕಂಪನಿಯವರು ಅಲ್ಲಿಂದ ದೂರು ಬಂದಾಗ ಎಷ್ಟೋ ಸಲ ದಾರಿಗೆ ಬರ್ತಾರೆ.

ಬರ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಹೊಸ ಕಾಯ್ದೇಲಿ ನೀವು ವಾಸ ಇರೋ ಜಿಲ್ಲೇಲೇ ಕೇಸ್ ಹಾಕ್ಬಹುದು, ಅಂದ್ರೆ ನೀವು ಬೆಂಗಳೂರಿಗೆ ಓಡಾಡೋದಲ್ಲ, ಅವರು ಬೆಳಗಾವಿಗೆ ಬಂದು ಉತ್ತರ ಕೊಡ್ಬೇಕು. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ರೆ ಫೀ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಎರಡು ವರ್ಷದ ಒಳಗೆ ಹಾಕ್ಬೇಕು. ಗ್ರಾಹಕರ ಆಯೋಗಗಳ ಇ-ಜಾಗೃತಿ ಪೋರ್ಟಲಲ್ಲಿ ಮನೇಲೇ ಕೂತು ಫೈಲ್ ಮಾಡ್ಬಹುದು. ದೂರಲ್ಲಿ ಬರೀ ರೊಕ್ಕದ ಲೆಕ್ಕ ಬರೀಬೇಡಿ, ಎದೆ ಆಪರೇಷನ್ ಆದ ಅಪ್ಪನ್ನ ಕುರ್ಚಿ ಮೇಲೆ ಹೊತ್ಕೊಂಡು ಮೂರು ಮಹಡಿ ಹತ್ತಿದ್ದನ್ನ ಬರೀರಿ, ಮಾನಸಿಕ ಹಿಂಸೆಗೂ ಪರಿಹಾರ ಕೇಳೋ ಹಕ್ಕಿದೆ. ಅಪ್ಪಾಜಿ ಹುಷಾರಾಗಿದ್ದಾರಾ? ನಂಗೊಂದು ಸಾಲು ಬರೆದು ತಿಳಿಸಿ.

ಪ್ರಶ್ನೆ: ಆ್ಯಪಲ್ಲಿ 2,199 ಅಂತ ಇತ್ತು, ದುಡ್ಡು ಕಟ್ಟೋ ಪೇಜಿಗೆ ಬರುವಾಗ ಟ್ಯಾಕ್ಸು, ಕನ್ವೀನಿಯನ್ಸ್ ಫೀ ಅಂತೆಲ್ಲ ಸೇರಿ 2,600 ದಾಟಿತು. ಅಲ್ಲಿಗೆ ಹೋದ್ರೆ ಕ್ಲೀನಿಂಗಿಗೆ ಬೇರೆ, ಸರ್ವಿಸ್ ಚಾರ್ಜ್ ಬೇರೆ ಅಂತ ಇನ್ನೂ 500 ಕ್ಯಾಶ್ ತಗೊಂಡ್ರು, ಬಿಲ್ ಕೊಡಲಿಲ್ಲ. ಇದೆಲ್ಲ ಕೊಡ್ಲೇಬೇಕಾ ಮಾರಾಯ್ರೆ?
(ಮಂಗಳೂರಿನ ಓದುಗರು)

ಉತ್ತರ: ಜಿಎಸ್‌ಟಿ ಕೊಡ್ಬೇಕು, ಆದ್ರೆ ಎಷ್ಟು ಅಂತ ಗೊತ್ತಿರ್ಲಿ. ದಿನದ ಬಾಡಿಗೆ 7,500 ರೂಪಾಯಿವರೆಗೆ ಇರೋ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಬರೀ 5 ಪರ್ಸೆಂಟ್, ಮುಂಚೆ 12 ಇತ್ತು. ಅಂದ್ರೆ ನಿಮ್ಮ 2,199ಕ್ಕೆ ಸುಮಾರು 110 ರೂಪಾಯಿ ಅಷ್ಟೇ. ಮಿಕ್ಕಿದ್ದು ಏನು ಅಂತ ಬಿಡಿಸಿ ತೋರಿಸಿ ಅಂತ ಕೇಳಿ. ಮೊದಲು ಕಡಿಮೆ ರೇಟ್ ತೋರಿಸಿ ಕೊನೇ ಪೇಜಲ್ಲಿ ಒಂದೊಂದೇ ಸೇರಿಸೋದಕ್ಕೆ ಡ್ರಿಪ್ ಪ್ರೈಸಿಂಗ್ ಅಂತಾರೆ, 2023ರ ನವೆಂಬರಲ್ಲಿ ಕೇಂದ್ರ ಸರ್ಕಾರ ತಂದ ಡಾರ್ಕ್ ಪ್ಯಾಟರ್ನ್ (ಆ್ಯಪು, ಸೈಟುಗಳಲ್ಲಿ ಗ್ರಾಹಕರನ್ನ ಯಾಮಾರಿಸೋ ತಂತ್ರಗಳು) ಮಾರ್ಗಸೂಚೀಲಿ ಅದನ್ನ ನಿಷೇಧ ಮಾಡಿದ್ದಾರೆ. ಒಂದೇ ರೂಮ್ ಉಳಿದಿದೆ ಅಂತ ಸುಳ್ಳೇ ಹೆದರಿಸೋದೂ ಅದೇ ಪಟ್ಟೀಲಿ ಇದೆ. ಸರ್ವಿಸ್ ಚಾರ್ಜ್ ಅಂತೂ ಹೋಟೆಲ್ ರೆಸ್ಟೋರೆಂಟುಗಳು ತಾವಾಗೇ ಬಿಲ್ಲಿಗೆ ಸೇರಿಸೋ ಹಾಗಿಲ್ಲ, 2022ರ ಜುಲೈಯಿಂದ ಆ ಮಾರ್ಗಸೂಚಿ ಇದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿ ಹಿಡೀತು. ಬಿಲ್ ಕೊಡದೇ ಇರೋದೂ ಕಾಯ್ದೇಲಿ ತಪ್ಪೇ. ಕ್ಯಾಶ್ ಕೇಳಿದ್ರೆ ಯುಪಿಐ ಮಾಡ್ತೀನಿ, ನೋಟಲ್ಲಿ ಸರ್ವಿಸ್ ಚಾರ್ಜ್ ಅಂತ ಬರೀತೀನಿ ಅನ್ನಿ, ನಿಮ್ಮ ಹತ್ರ ಪುರಾವೆ ಉಳಿಯತ್ತೆ.

ಪ್ರಶ್ನೆ: ಅಕ್ಕಾ, ಟ್ರೈನಿಂಗಿಗೆ ಅಂತ ಬಂದು ಮಾರತಹಳ್ಳಿ ಕಡೆ ಒಬ್ಬಳೇ ಇದೀನಿ. ನಾನು ಇಲ್ಲದಾಗ ಕೇರ್‌ಟೇಕರ್ ಒಳಗೆ ಬಂದು ಹೋಗ್ತಾನೆ ಅನ್ಸತ್ತೆ, ಸಾಮಾನು ಸರಿದಿರತ್ತೆ. ಕ್ಯಾಮೆರಾ ಗಿಮೆರಾ ಇಟ್ಟಿದ್ರೆ ಅಂತ ನಿದ್ದೆ ಬರ್ತಿಲ್ಲ.
(ಶಿವಮೊಗ್ಗದ ಓದುಗರು)

ಉತ್ತರ: ಪುಟ್ಟಿ, ನಿಂಗೆ ಅನುಮಾನ ಬಂದಿದೆ ಅಂದ್ರೆ ಅಲ್ಲಿ ಇರ್ಬೇಡ, ದುಡ್ಡಿನ ಲೆಕ್ಕ ಆಮೇಲೆ ನೋಡ್ಕೊಳ್ಳೋಣ. ಮನೇಲಿ ಹೇಳಿದ್ರೆ ವಾಪಸ್ ಕರೆಸ್ತಾರೆ ಅಂತ ಮುಚ್ಚಿಡಬೇಡ, ಜೊತೆಗೆ ಟ್ರೈನಿಂಗಲ್ಲಿರೋ ಒಬ್ಬರಿಗಾದ್ರೂ ಇವತ್ತೇ ಹೇಳು. ಹೊರಡೋ ತನಕ ಒಳಗಿನ ಚಿಲಕ ಹಾಕೊಂಡು ಮಲಗು. ಸ್ಮೋಕ್ ಡಿಟೆಕ್ಟರ್, ಚಾರ್ಜರ್ ಅಡಾಪ್ಟರ್, ಗಡಿಯಾರ, ಬಾತ್‌ರೂಮಿನ ಎಗ್ಸಾಸ್ಟ್ ಫ್ಯಾನ್ ಇವನ್ನ ನೋಡು, ಹಾಸಿಗೆ ಕಡೆಗೋ ಬಾತ್‌ರೂಮ್ ಕಡೆಗೋ ಮುಖ ಮಾಡಿರೋ ಬೇಡದ ವಸ್ತು ಇದ್ಯಾ ಅಂತ. ಏನಾದ್ರೂ ಸಿಕ್ಕಿದ್ರೆ ಕೀಳಬೇಡ, ವಿಡಿಯೋ ಮಾಡ್ಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡು. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳನ್ನ ಹಾಗೆ ಕದ್ದು ನೋಡೋದು, ಚಿತ್ರ ತೆಗೆಯೋದು ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲಿನ ಅಪರಾಧ. ಇನ್ನೊಂದು, ಮುಂದಿನ ಜಾಗದಲ್ಲಿ ಆಧಾರ್ ಜೆರಾಕ್ಸ್ ಕೇಳಿದ್ರೆ ಮಾಸ್ಕ್ಡ್ ಆಧಾರ್ ಕೊಡು, ಆಧಾರ್ ಕೊಡೋ ಯುಐಡಿಎಐ ಸೈಟಲ್ಲಿ ಡೌನ್‌ಲೋಡ್ ಆಗತ್ತೆ, ಕೊನೇ 4 ಅಂಕಿ ಮಾತ್ರ ಕಾಣತ್ತೆ.

ಪ್ರಶ್ನೆ: ನಾನು ವೈಟ್‌ಫೀಲ್ಡ್ ಕಡೆ ಆರು ಫ್ಲ್ಯಾಟ್ ನಡೆಸ್ತೀನಿ. ನೀರು ಉಪ್ಪು, ಸೋಪು ನೊರೆ ಬರಲ್ಲ, ಬೇಳೆ ಬೇಯಲ್ಲ ಅಂತ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ. ಬೋರ್‌ವೆಲ್ ನೀರನ್ನ ನಾನೇನು ಮಾಡ್ಲಿ ಮೇಡಂ?
(ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಕಷ್ಟ ನಿಜ. 2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿ ಆ ಕಡೆ ಜನ ಟ್ಯಾಂಕರಿಗೆ ಕಾದಿದ್ದು ನಾನೂ ನೋಡಿದೀನಿ, ಆ ಅಕ್ಟೋಬರಲ್ಲಿ ಕಾವೇರಿ ಕುಡಿಯೋ ನೀರಿನ ಯೋಜನೆಯ ಐದನೇ ಹಂತ ಶುರುವಾದ್ರೂ ಕನೆಕ್ಷನ್ ಇಲ್ಲದ ಬಿಲ್ಡಿಂಗಿಗೆ ಅದೂ ಇಲ್ಲ. ಆದ್ರೆ ಸರ್, ಗೆಸ್ಟ್ ಬೈಯೋದು ನೀರು ಗಡಸು ಅಂತ ಅಲ್ಲ, ಮೊದಲೇ ಹೇಳ್ಲಿಲ್ಲ ಅಂತ. ಬೋರ್ ನೀರು, ಅಡುಗೆಗೆ ದಿನಕ್ಕೊಂದು 20 ಲೀಟರ್ ಕ್ಯಾನ್ ನಾವೇ ಕೊಡ್ತೀವಿ, ನಲ್ಲಿ ನೀರು ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಕರೆಂಟ್ ಹೋದ್ರೆ ಯುಪಿಎಸ್‌ನಲ್ಲಿ ಲೈಟು ಫ್ಯಾನ್ ಮಾತ್ರ, ಗೀಸರ್ ಓಡಲ್ಲ ಅಂತ ಪೇಜಲ್ಲಿ ಕನ್ನಡದಲ್ಲೂ ಬರೀರಿ. ಒಂದಷ್ಟು ಬುಕಿಂಗ್ ಹೋಗತ್ತೆ, ಹೋಗ್ಲಿ. ಮಗು ಇರೋರು, ಪೇಷೆಂಟ್ ಇರೋರು ತಮಗೆ ಆಗತ್ತಾ ಇಲ್ವಾ ಅಂತ ಮನೇಲೇ ಯೋಚನೆ ಮಾಡ್ಕೊಂಡು ಬರ್ತಾರೆ.

ಪ್ರಶ್ನೆ: ನಮ್ಮ ಟ್ರೇನ್ ಮುಂಜಾನೆ ಆರಕ್ಕ ಬರ್ತದ, ಚೆಕ್-ಇನ್ ಮಧ್ಯಾಹ್ನ ಎರಡಕ್ಕ ಅಂತಾರ. ವಯಸ್ಸಾದೋರನ್ನ ಕಟ್ಕೊಂಡು ಎಲ್ಲಿ ಕುಂದ್ರೋಣ್ರಿ?
(ಹುಬ್ಬಳ್ಳಿಯ ಓದುಗರು)

ಉತ್ತರ: ಹಿಂದಿನ ದಿನಾನೇ ಫೋನ್ ಮಾಡಿ ಅರ್ಲಿ ಚೆಕ್-ಇನ್ ಕೇಳಿ, ಒಪ್ಪಿದ್ರೆ ಅದನ್ನ ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ಬಾಯಿಮಾತು ಬೆಳಿಗ್ಗೆ ಆರಕ್ಕೆ ನಿಲ್ಲಲ್ಲ. ಒಪ್ಪಲಿಲ್ಲ ಅಂದ್ರೆ ರೈಲ್ವೆ ಸ್ಟೇಷನ್ನಿನ ರಿಟೈರಿಂಗ್ ರೂಮ್ ಇದೆ, ನಿಮ್ಮ ಟಿಕೆಟಿನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಲಿ ಮೊದಲೇ ಬುಕ್ ಮಾಡ್ಬಹುದು, ಮುಖ ತೊಳ್ಕೊಂಡು ಮಾತ್ರೆ ತಗೊಂಡು ಸ್ವಲ್ಪ ಹೊತ್ತು ಮಲಗೋಕೆ ಸಾಕು. ಆಸ್ಪತ್ರೆ ಕೆಲಸಕ್ಕೆ ಬರ್ತಿದ್ರೆ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇರ್ತಾರೆ, ಹತ್ತಿರ ಧರ್ಮಶಾಲೆ ಇದ್ಯಾ ಅಂತ ಅವರನ್ನ ಕೇಳಿ, ಎಷ್ಟೋ ಸಲ ಆ್ಯಪಿನ ಫ್ಲ್ಯಾಟಿಗಿಂತ ಅಲ್ಲಿ ನೆಮ್ಮದಿ ಇರತ್ತೆ.